ಆರನೆಯವಳು ಯಾರು?

2024ರ ಏಪ್ರಿಲ್ 7ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್ ನಡೆಯಿತು. ಸೌತ್ ಕೆರೊಲಿನಾ 87, ಅಯೋವಾ 75. ಪುರುಷರ ಫೈನಲ್‌ಗಿಂತ ಹೆಚ್ಚು ಜನ ಟಿವಿಯಲ್ಲಿ ನೋಡಿದ ಮೊದಲ ಮಹಿಳಾ ಫೈನಲ್ ಅದು. ಆ ಪಂದ್ಯದ ಮಾತೆತ್ತಿದರೆ ಜನ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಅವರ 30 ಅಂಕಗಳನ್ನು ನೆನಪಿಸಿಕೊಳ್ಳುತ್ತಾರೆ. ಮೊದಲ ಕಾಲುಭಾಗದಲ್ಲೇ ಅವರು 18 ಅಂಕ ಹೊಡೆದು ಎದುರಾಳಿಗಳನ್ನು ಕಂಗೆಡಿಸಿದ್ದನ್ನು ನೆನಪಿಸಿಕೊಳ್ಳುತ್ತಾರೆ. ನನ್ನ ಕಣ್ಣು ಮಾತ್ರ ಅಂಕಪಟ್ಟಿಯ ಕೆಳಗಿದ್ದ ಒಂದು ಸಣ್ಣ ಲೆಕ್ಕದ ಮೇಲೆ ನಿಂತಿತು. ಬೆಂಚಿನಿಂದ ಬಂದ ಅಂಕಗಳು: 37–0.

ಸೌತ್ ಕೆರೊಲಿನಾ ಪರವಾಗಿ ಮೊದಲ ಐವರ ಬದಲಿಗೆ ಇಳಿದವರು 37 ಅಂಕ ಗಳಿಸಿದ್ದರು. ಅಯೋವಾ ಪರವಾಗಿ ಹಾಗೆ ಇಳಿದವರು ಒಂದನ್ನೂ ಗಳಿಸಿರಲಿಲ್ಲ. ಕ್ಲಾರ್ಕ್, ಕೇಟ್ ಮಾರ್ಟಿನ್, ಗ್ಯಾಬಿ ಮಾರ್ಷಲ್, ಮಾಲಿ ಡೇವಿಸ್, ಇಷ್ಟೂ ಜನ ಆ ವಸಂತದಲ್ಲಿ ಅಯೋವಾ ಬಿಟ್ಟು ಹೊರಟರು. ಮುಂದಿನ ವರ್ಷ ಆ ತಂಡದ ಗತಿಯೇನು ಎಂದು ಬರೆಯದ ಕ್ರೀಡಾ ಅಂಕಣಕಾರರೇ ಇರಲಿಲ್ಲ. ಕ್ಲಾರ್ಕ್ ಜಾಗ ತುಂಬುವವರು ಯಾರು ಎಂಬುದೇ ಎಲ್ಲರ ಪ್ರಶ್ನೆ. ಆ ಜಾಗವನ್ನು ಯಾರೂ ತುಂಬಲಾರರು ಎಂಬುದು ಕೇಳುವವರಿಗೂ ಗೊತ್ತಿತ್ತು. ಕೇಳಬೇಕಾಗಿದ್ದದ್ದು ಬೇರೆ ಪ್ರಶ್ನೆ. ಅದರ ಉತ್ತರ ಆ ಸೊನ್ನೆಯಲ್ಲಿತ್ತು.

ಹಿರಿಯ ಆಟಗಾರ್ತಿಯರು ಹೋಗುವುದು ಅಮೆರಿಕದ ಮಹಿಳಾ ಕಾಲೇಜು ಆಟದಲ್ಲಿ ಇಷ್ಟು ದೊಡ್ಡ ಸಂಗತಿ ಯಾಕೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಗಂಡುಮಕ್ಕಳ ಆಟದಲ್ಲಿ ಪ್ರತಿಭಾವಂತನೊಬ್ಬ ಒಂದು ವರ್ಷ ಕಾಲೇಜಿನಲ್ಲಿ ಆಡಿ, ಹತ್ತೊಂಬತ್ತರ ವಯಸ್ಸಿಗೆ ಎನ್‌ಬಿಎ ಸೇರಬಹುದು. ಮಹಿಳಾ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎ ಡ್ರಾಫ್ಟ್‌ಗೆ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಪಟ್ಟಿಗೆ, ಹೋಗಲು ಅಮೆರಿಕದ ಹುಡುಗಿಗೆ ಆ ವರ್ಷ 22 ತುಂಬಬೇಕು, ಇಲ್ಲವೇ ಆಕೆ ಪದವಿ ಮುಗಿಸಿರಬೇಕು. ಹೀಗಾಗಿ ಎಂತಹ ಪ್ರತಿಭೆಯಾದರೂ ಸಾಮಾನ್ಯವಾಗಿ ನಾಲ್ಕು ವರ್ಷ ಒಂದೇ ಅಂಕಣದಲ್ಲಿ ಬೆಳೆಯುತ್ತದೆ. ಊರಿನವರು ಆಕೆಯನ್ನು ಹದಿನೆಂಟರಿಂದ ನೋಡಿರುತ್ತಾರೆ. ಆಕೆಯ ಮೊಣಕಾಲಿನ ಶಸ್ತ್ರಚಿಕಿತ್ಸೆ, ಆಕೆಯ ಸಿಟ್ಟು, ಆಕೆ ಎಡಗೈ ಆಟ ಕಲಿತ ವರ್ಷ, ಎಲ್ಲವೂ ಅವರಿಗೆ ಬಾಯಿಪಾಠ. ಹೊರಡುವ ದಿನ ಅಷ್ಟೂ ಒಟ್ಟಿಗೆ ಹೊರಡುತ್ತದೆ.

ಗೊನೆ ಕಡಿದ ಬಾಳೆಗಿಡವನ್ನು ನೋಡಿ ರೈತ ಮರುಗುವುದಿಲ್ಲ, ಬುಡದಲ್ಲಿ ಎಷ್ಟು ಕಂದು ಎದ್ದಿವೆ ಎಂದು ಬಗ್ಗಿ ನೋಡುತ್ತಾನೆ. ಈ ತಂಡಗಳ ವಿಷಯದಲ್ಲೂ ನಾನು ಮಾಡುವುದು ಅದನ್ನೇ. ಸೀನಿಯರ್‌ಗಳು ಹೋದಾಗ ಮೊದಲ ಐದು ಸ್ಥಾನಗಳು ಹೇಗಾದರೂ ತುಂಬಿಕೊಳ್ಳುತ್ತವೆ, ಐವರು ಇಳಿಯಲೇಬೇಕಲ್ಲ. ಖಾಲಿಯಾಗುವುದು ಆರನೆಯ, ಏಳನೆಯ, ಎಂಟನೆಯ ಸ್ಥಾನಗಳು. ಅಲ್ಲಿದ್ದವರು ಮೇಲೆ ಬಂದಿರುತ್ತಾರೆ, ಅವರ ಜಾಗಕ್ಕೆ ಯಾರೂ ಬಂದಿರುವುದಿಲ್ಲ. ಋತು ಶುರುವಾಗುವ ನವೆಂಬರ್‌ನಲ್ಲಿ ಇದು ಕಾಣುವುದೇ ಇಲ್ಲ. ರಾಷ್ಟ್ರೀಯ ಟೂರ್ನಿ ನಡೆಯುವ ಮಾರ್ಚ್‌ನಲ್ಲಿ, ಯಾರಿಗೋ ಮೂರನೆಯ ಫೌಲ್ ಬಿದ್ದು ಆಕೆಯನ್ನು ಕೂರಿಸಬೇಕಾದಾಗ, ಇದ್ದಕ್ಕಿದ್ದಂತೆ ಕಾಣುತ್ತದೆ.

ಬೆಂಚಿನ ಮೇಲೆ ನನಗಿಷ್ಟು ಆಸಕ್ತಿ ಯಾಕೆಂದರೆ ನಾನೂ ಅಲ್ಲಿ ಕೂತವಳು. ನಮ್ಮ ಕಾಲೇಜಿನ ತಂಡದಲ್ಲಿ ನನ್ನದು ಏಳನೆಯ ಜಾಗವೋ ಎಂಟನೆಯದೋ. ಅದು ಎದುರಾಳಿ ಯಾರು ಎಂಬುದರ ಮೇಲೆ ನಿಂತಿತ್ತು. ಸಿಮೆಂಟ್ ಅಂಕಣ, ಬಲೆ ಹರಿದ ಬಳೆ, ಗ್ಲೂಕೋಸ್ ನೀರಿನ ಬಾಟಲಿ. ಅಕ್ಕಂದಿರ ವಾಚು, ಓಲೆ, ಸರಗಳನ್ನೆಲ್ಲ ಕರ್ಚೀಫಿನಲ್ಲಿ ಕಟ್ಟಿಟ್ಟುಕೊಂಡು ಕೂರುವುದೇ ನಮ್ಮ ಮುಖ್ಯ ಕೆಲಸ. ನಮ್ಮಲ್ಲಿ ಸೀನಿಯರ್‌ಗಳು ಹೋಗುವುದೆಂದರೆ ಡ್ರಾಫ್ಟ್ ಅಲ್ಲ. ಅದೃಷ್ಟವಿದ್ದವರಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿ, ಉಳಿದವರಿಗೆ ಬಿ.ಎಡ್., ಬ್ಯಾಂಕ್ ಪರೀಕ್ಷೆ, ಮದುವೆ. ಹೆಚ್ಚಿನವರು ಮತ್ತೆ ಚೆಂಡು ಮುಟ್ಟಲಿಲ್ಲ. ಅಂಕಣದ ಅಂಚಿನಿಂದ ಆಟ ನೋಡಿದವರಿಗೆ ಒಂದು ವಿಚಿತ್ರ ಜ್ಞಾನ ಇರುತ್ತದೆ. ಯಾರು ದಣಿದಿದ್ದಾರೆ, ಯಾರು ನಟಿಸುತ್ತಿದ್ದಾರೆ, ಯಾರು ಚೆಂಡು ತಮ್ಮ ಕಡೆ ಬರದಿರಲಿ ಎಂದು ಬೇಡಿಕೊಳ್ಳುತ್ತಿದ್ದಾರೆ ಎಂಬುದೆಲ್ಲ ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ಸೌತ್ ಕೆರೊಲಿನಾ ಕಥೆ ನನಗೆ ಪ್ರಿಯವಾಗಿರುವುದು ಇದೇ ಕಾರಣಕ್ಕೆ. 2019ರಲ್ಲಿ ಕೋಚ್ ಡಾನ್ ಸ್ಟೇಲಿ ಅವರ ತಂಡಕ್ಕೆ ಒಟ್ಟಿಗೆ ಸೇರಿದ ಗುಂಪಿಗೆ ‘ಫ್ರೆಶೀಸ್’ ಎಂಬ ಅಡ್ಡಹೆಸರು ಬಿದ್ದಿತ್ತು. ಅಲಿಯಾ ಬಾಸ್ಟನ್, ಜಿಯಾ ಕುಕ್, ಬ್ರಿಯಾ ಬೀಲ್, ಲೆಟೀಶಿಯಾ ಅಮಿಹೀರ್. ಆ ಗುಂಪು 2022ರಲ್ಲಿ ಚಾಂಪಿಯನ್ ಆಯಿತು. 2023ರಲ್ಲಿ ಸತತ 36 ಪಂದ್ಯ ಗೆದ್ದು ಡಲ್ಲಾಸ್‌ನ ಸೆಮಿಫೈನಲ್‌ಗೆ ಬಂತು. ಅಲ್ಲಿ ಕ್ಲಾರ್ಕ್ 41 ಅಂಕ ಹೊಡೆದರು, ಅಯೋವಾ 77–73ರಿಂದ ಗೆದ್ದಿತು, ಒಂದೂ ಸೋಲು ಕಾಣದ ಋತು ಕೊನೆಯ ಹೊಸ್ತಿಲಲ್ಲಿ ಮುರಿದುಬಿತ್ತು. ಕೆಲವೇ ದಿನಗಳಲ್ಲಿ ಬಾಸ್ಟನ್ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಇಂಡಿಯಾನಾಗೆ ಹೋದರು. ಅದೇ ಡ್ರಾಫ್ಟ್‌ನಲ್ಲಿ ಅದೇ ಕಾಲೇಜಿನ ಇನ್ನೂ ನಾಲ್ವರು ಆಯ್ಕೆಯಾದರು. ಮೊದಲ ಐವರಲ್ಲಿ ಒಬ್ಬರೂ ಉಳಿಯಲಿಲ್ಲ. ಹೊಸ ಋತುವಿನ ಮೊದಲ ರ‍್ಯಾಂಕಿಂಗ್‌ನಲ್ಲಿ ಪತ್ರಕರ್ತರು ತಂಡವನ್ನು ಆರನೆಯ ಸ್ಥಾನಕ್ಕೆ ಇಳಿಸಿದರು. ಇಷ್ಟೆಲ್ಲ ಕಳೆದುಕೊಂಡ ತಂಡಕ್ಕೆ ಆರನೆಯ ಸ್ಥಾನ ಕೊಟ್ಟದ್ದೇ ಔದಾರ್ಯ ಎಂದು ಹಲವರಿಗೆ ಅನ್ನಿಸಿತ್ತು.

ಆದರೆ ಆ ತಂಡದ ಹಿಂದಿನ ವರ್ಷದ ಬೆಂಚನ್ನು ನೋಡಿ. ದೇಶದ ಅತ್ಯುತ್ತಮ ಆಟಗಾರ್ತಿಯರಲ್ಲಿ ಒಬ್ಬರಾಗಿದ್ದ ಬಾಸ್ಟನ್ ಅವರ ಸರಾಸರಿ ಸುಮಾರು 13 ಅಂಕ ಮಾತ್ರ. ಅವರಿಗೆ ಹೆಚ್ಚು ಗಳಿಸಲು ಬಾರದೆ ಅಲ್ಲ. ಸ್ಟೇಲಿ ಆಟದ ಅವಧಿಯನ್ನು ಹಂಚುತ್ತಿದ್ದರು. ಬಾಸ್ಟನ್ ಕೂತಾಗ ಎದ್ದು ಬರುತ್ತಿದ್ದವರು ಆರು ಅಡಿ ಏಳು ಅಂಗುಲದ ಬ್ರೆಜಿಲ್ ಹುಡುಗಿ ಕಮಿಲಾ ಕಾರ್ಡೋಸೊ. ಬೇರೆ ಯಾವ ಕಾಲೇಜಿನಲ್ಲಾದರೂ ಮೊದಲ ದಿನದಿಂದಲೇ ಆಡಬಹುದಾಗಿದ್ದ ಆಕೆ ಇಲ್ಲಿ ಬೆಂಚಿನಿಂದ ಬಂದು, ಆ ವರ್ಷ ತಮ್ಮ ಕಾನ್ಫರೆನ್ಸಿನ (ತಮ್ಮೊಳಗೇ ಲೀಗ್ ಆಡುವ ಕಾಲೇಜುಗಳ ಗುಂಪಿನ) ‘ಅತ್ಯುತ್ತಮ ಆರನೆಯ ಆಟಗಾರ್ತಿ’ ಪ್ರಶಸ್ತಿ ಪಡೆದಿದ್ದರು. ರೇವನ್ ಜಾನ್ಸನ್, ಬ್ರೀ ಹಾಲ್, ಆಶ್ಲಿನ್ ವಾಟ್ಕಿನ್ಸ್ ಕೂಡ ಅದೇ ಬೆಂಚಿನವರು.

ರೇವನ್ ಜಾನ್ಸನ್ ವಿಷಯ ಸ್ವಲ್ಪ ಹೇಳಬೇಕು. ಡಲ್ಲಾಸ್ ಸೆಮಿಫೈನಲ್‌ನಲ್ಲಿ ಆಕೆ ಮೂರು ಅಂಕಗಳ ಗೆರೆಯ ಹೊರಗೆ ಚೆಂಡು ಹಿಡಿದು ನಿಂತಿದ್ದಾಗ, ಅಡ್ಡಗಟ್ಟಬೇಕಿದ್ದ ಕ್ಲಾರ್ಕ್ ಮುಂದೆ ಬರದೆ ಕೈಬೀಸಿ ಬಿಟ್ಟುಬಿಟ್ಟರು. ಬೇಕಾದರೆ ಹೊಡೆದುಕೋ ಎಂಬಂತೆ. ಆ ತುಣುಕು ಎಷ್ಟು ಮೊಬೈಲ್‌ಗಳಲ್ಲಿ ಓಡಿತೋ! ಇಪ್ಪತ್ತರ ಹುಡುಗಿಗೆ ಅದು ಎಂತಹ ಬೇಸಿಗೆಯಾಗಿರಬಹುದು ಎಂದು ಯೋಚಿಸಿದರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ. ಆಟದ ಲೆಕ್ಕದಲ್ಲಿ ಕ್ಲಾರ್ಕ್ ಮಾಡಿದ್ದು ಸರಿಯೇ ಎಂಬುದು ಬೇರೆ ಮಾತು. ಮುಂದಿನ ವರ್ಷ ಜಾನ್ಸನ್ ತಂಡದ ಆಟ ನಡೆಸುವ ಪಾಯಿಂಟ್ ಗಾರ್ಡ್ ಆದರು. ಕ್ಲೀವ್‌ಲ್ಯಾಂಡ್ ಫೈನಲ್‌ನಲ್ಲಿ ಕ್ಲಾರ್ಕ್ ಬೆನ್ನಿಗೆ ಬಿದ್ದವರೂ ಅವರೇ.

ಹೊಸ ತಂಡದ ಮೊದಲ ಪಂದ್ಯ ಪ್ಯಾರಿಸ್‌ನಲ್ಲಿ, 2023ರ ನವೆಂಬರ್ 6ರಂದು. ನಾಟರ್ ಡೇಮ್ ವಿರುದ್ಧ 100–71. ಕಾಲೇಜಿಗೆ ಕಾಲಿಟ್ಟ ವರ್ಷವೇ ಮಿಲೇಶಿಯಾ ಫುಲ್‌ವೈಲಿ ಚೆಂಡನ್ನು ಬೆನ್ನ ಹಿಂದಿನಿಂದ ಕೈ ಬದಲಿಸಿ ಒಬ್ಬರೇ ಓಡಿಸಿಕೊಂಡು ಹೋಗಿ ಬುಟ್ಟಿಗೆ ಹಾಕಿದ ಆ ಓಟವನ್ನು ನೋಡಿದವರು ಮರೆಯಲಾರರು. ಅಂತಹವರೂ ಆ ತಂಡದಲ್ಲಿ ಬೆಂಚಿನವರೇ. ಒರೆಗಾನ್‌ನಿಂದ ಬಂದ ಟೆ-ಹಿನಾ ಪಾವ್‌ಪಾವ್ ಹೊರಗಿನಿಂದ ಎಸೆಯುವ ಕೊರತೆ ತುಂಬಿದರು. ಮಾರ್ಚ್‌ನಲ್ಲಿ ಟೆನೆಸ್ಸಿ ವಿರುದ್ಧದ ಕಾನ್ಫರೆನ್ಸ್ ಸೆಮಿಫೈನಲ್ ಕೈತಪ್ಪುತ್ತಿದ್ದಾಗ, ಅಲ್ಲಿಯವರೆಗೆ ಕಾಲೇಜು ಜೀವನದಲ್ಲಿ ಒಂದೂ ಮೂರು ಅಂಕಗಳ ಬುಟ್ಟಿ ಹಾಕದಿದ್ದ ಕಾರ್ಡೋಸೊ ಕೊನೆಯ ಕ್ಷಣದಲ್ಲಿ ಚೆಂಡನ್ನು ಹಲಗೆಗೆ ಬಡಿಸಿ ಒಳಗೆ ಬೀಳಿಸಿದರು: 74–73. ಇಂತಹದ್ದನ್ನು ಯಾವ ಸಿದ್ಧಾಂತಕ್ಕೂ ಸೇರಿಸಲಾಗುವುದಿಲ್ಲ, ಅದು ಬರೀ ಅದೃಷ್ಟ. ಋತು ಮುಗಿದಾಗ ಲೆಕ್ಕ 38 ಗೆಲುವು, ಸೊನ್ನೆ ಸೋಲು. ಬಾಸ್ಟನ್ ಇದ್ದಾಗ ಆಗದೆ ಹೋದದ್ದು ಅವರು ಹೋದ ವರ್ಷ ಆಯಿತು. ಫೈನಲ್‌ನಲ್ಲಿ ಆ ತಂಡದ ಪರ ಅತಿ ಹೆಚ್ಚು, 19 ಅಂಕ ಗಳಿಸಿ ಆಸರೆಯಾದವರು ಟೆಸ್ಸಾ ಜಾನ್ಸನ್. ಮೊದಲ ವರ್ಷದ ವಿದ್ಯಾರ್ಥಿನಿ, ಅವರೂ ಬೆಂಚಿನಿಂದಲೇ ಬಂದವರು.

ಇದಕ್ಕೆ ತದ್ವಿರುದ್ಧವಾದ ಕಥೆಗೆ ಅಲ್ಲಿಂದ ಹದಿನೈದು ವರ್ಷ ಹಿಂದೆ ಹೋಗಬೇಕು. 2008ರಲ್ಲಿ ಟೆನೆಸ್ಸಿ ತಂಡ ಕೋಚ್ ಪ್ಯಾಟ್ ಸಮಿಟ್ ಅವರ ಕೈಕೆಳಗೆ ಎಂಟನೆಯ ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಕ್ಯಾಂಡೇಸ್ ಪಾರ್ಕರ್ ಇನ್ನೊಂದು ವರ್ಷ ಆಡುವ ಅವಕಾಶವಿದ್ದರೂ ಹೊರಟರು. ಜೊತೆಗೆ ನಿಕಿ ಅನೋಸಿಕೆ, ಅಲೆಕ್ಸಿಸ್ ಹಾರ್ನ್‌ಬಕಲ್, ಶ್ಯಾನನ್ ಬಾಬಿಟ್, ಆಲ್ಬರ್ಟಾ ಆಗಸ್ಟ್. ಐವರೂ ಒಂದೇ ಡ್ರಾಫ್ಟ್‌ನಲ್ಲಿ ಆಯ್ಕೆಯಾದರು. ಹಿಂದೆ ಉಳಿದವರಲ್ಲಿ ಆಟದ ಅನುಭವ ಇದ್ದವರು ಬೆರಳೆಣಿಕೆ. ಉಳಿದಂತೆ ಆಗಷ್ಟೇ ಹೈಸ್ಕೂಲು ಮುಗಿಸಿ ಬಂದ ಹುಡುಗಿಯರು. ಹೆಸರು, ಕಿತ್ತಳೆ ಬಣ್ಣದ ಜೆರ್ಸಿ, ನಾಕ್ಸ್‌ವಿಲ್‌ನ ತುಂಬಿದ ಕ್ರೀಡಾಂಗಣ ಎಲ್ಲವೂ ಹಾಗೆಯೇ ಇದ್ದವು. 2009ರ ಫೆಬ್ರವರಿ 5ರಂದು ಸಮಿಟ್ ತಮ್ಮ ಸಾವಿರದ ಗೆಲುವನ್ನೂ ಅಲ್ಲಿಯೇ ಕಂಡರು. ಮಾರ್ಚ್‌ನಲ್ಲಿ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲೇ ಬಾಲ್ ಸ್ಟೇಟ್ ಎಂಬ ತಂಡ, ಆ ಟೂರ್ನಿಗೆ ಮೊದಲ ಬಾರಿ ಕಾಲಿಟ್ಟಿದ್ದ ತಂಡ, ಟೆನೆಸ್ಸಿಯನ್ನು 71–55ರಿಂದ ಮನೆಗೆ ಕಳಿಸಿತು. ಮೊದಲ ಸುತ್ತಿನಲ್ಲಿ ಟೆನೆಸ್ಸಿ ಹಿಂದೆಂದೂ ಸೋತಿರಲಿಲ್ಲ.

ಸಮಿಟ್ ಅವರಿಗೆ ತಂಡ ಕಟ್ಟುವುದು ಮರೆತುಹೋಗಿರಲಿಲ್ಲ. ಅಂದು ತಡವರಿಸಿದ ಹೊಸಬರಾದ ಶೆಕಿನಾ ಸ್ಟ್ರಿಕ್ಲೆನ್, ಗ್ಲೋರಿ ಜಾನ್ಸನ್ ಮುಂದೆ ಡ್ರಾಫ್ಟ್‌ನ ಎರಡನೆಯ ಮತ್ತು ನಾಲ್ಕನೆಯ ಆಯ್ಕೆಗಳಾದರು. 2010ರಲ್ಲಿ ತಂಡ 32 ಪಂದ್ಯ ಗೆದ್ದಿತು. ಅಂದರೆ ಹುಡುಗಿಯರಲ್ಲಿ ಕೊರತೆ ಇರಲಿಲ್ಲ, ಹಿಂದಿನ ವರ್ಷ ಅವರು ಬೆಂಚಿನಲ್ಲಿ ಇರಲಿಲ್ಲ ಅಷ್ಟೇ. ಒಂದು ವರ್ಷ ಪಾರ್ಕರ್ ಅವರನ್ನು ಪಕ್ಕದಿಂದ ನೋಡಿ, ಅಭ್ಯಾಸದಲ್ಲಿ ಅನೋಸಿಕೆ ಅವರ ಮೊಣಕೈ ಪೆಟ್ಟು ತಿಂದು ಬೆಳೆಯುವ ಅವಕಾಶ ಅವರಿಗೆ ಸಿಗಲಿಲ್ಲ. ಹಿರಿಯರಿದ್ದ ಮನೆಗೆ ಬರುವುದಕ್ಕೂ ಅವರು ಹೋದ ಮೇಲೆ ಬೀಗದ ಕೈ ತೆಗೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಟೆನೆಸ್ಸಿ ಮತ್ತೆ ಸಮಿಟ್ ಕಾಲದಲ್ಲಿ ಕೊನೆಯ ನಾಲ್ಕಕ್ಕೆ ಬರಲಿಲ್ಲ. 2011ರ ಆಗಸ್ಟ್‌ನಲ್ಲಿ ಅವರು ತಮಗೆ ಮರೆವಿನ ಕಾಯಿಲೆ ಇರುವುದನ್ನು ಪ್ರಕಟಿಸಿದರು, 2012ರಲ್ಲಿ ನಿವೃತ್ತರಾದರು.

ನನ್ನ ಮಾತನ್ನು ಕಷ್ಟಕ್ಕೆ ಸಿಕ್ಕಿಸುವ ಉದಾಹರಣೆ ಕನೆಕ್ಟಿಕಟ್, ಎಲ್ಲರ ಬಾಯಲ್ಲಿ ಯುಕಾನ್. ಬ್ರಿಯಾನಾ ಸ್ಟೀವರ್ಟ್, ಮೊರೈಯಾ ಜೆಫರ್ಸನ್, ಮಾರ್ಗನ್ ಟಕ್, ಈ ಮೂವರು ನಾಲ್ಕು ವರ್ಷ ಆಡಿ ನಾಲ್ಕೂ ವರ್ಷ ಚಾಂಪಿಯನ್ ಆದರು. 2016ರ ಡ್ರಾಫ್ಟ್‌ನಲ್ಲಿ ಮೊದಲ ಮೂರು ಹೆಸರುಗಳು ಇವರವೇ, ಇದೇ ಕ್ರಮದಲ್ಲಿ. ಇನ್ನಾದರೂ ಯುಕಾನ್ ಮನುಷ್ಯರ ಹಾಗೆ ಸೋಲುತ್ತದೆ ಎಂದು ದೇಶವೆಲ್ಲ ಕಾದು ಕೂತಿತ್ತು. ಕೋಚ್ ಜೀನೊ ಆರಿಯೆಮ್ಮಾ ಆ ವರ್ಷದ ವೇಳಾಪಟ್ಟಿಯಲ್ಲಿ ಬಲಶಾಲಿ ತಂಡಗಳನ್ನೇ ತುಂಬಿಸಿದ್ದರು. ಮೊದಲ ಪಂದ್ಯದಲ್ಲಿ ಫ್ಲೋರಿಡಾ ಸ್ಟೇಟ್ ವಿರುದ್ಧ ಎರಡೇ ಅಂಕಗಳ ಗೆಲುವು. ಆಮೇಲೆ ಬೇಯ್ಲರ್, ನಾಟರ್ ಡೇಮ್, ಮೇರಿಲ್ಯಾಂಡ್, ಸೌತ್ ಕೆರೊಲಿನಾ, ಒಂದೊಂದಾಗಿ ಎಲ್ಲ ಉರುಳಿದವು. 2017ರ ಫೆಬ್ರವರಿ 13ರಂದು ಸತತ ನೂರನೆಯ ಗೆಲುವು. ನಫೀಸಾ ಕಾಲಿಯರ್ ಮತ್ತು ಕೇಟಿ ಲೂ ಸ್ಯಾಮುಯೆಲ್‌ಸನ್ ಹಿಂದಿನ ವರ್ಷ ಮೊದಲ ವರ್ಷದ ವಿದ್ಯಾರ್ಥಿನಿಯರು. ಈಗ ಇಬ್ಬರೂ ಪಂದ್ಯಕ್ಕೆ ಇಪ್ಪತ್ತರ ಆಸುಪಾಸು ಅಂಕ ಗಳಿಸುತ್ತಿದ್ದರು. ಕಾನ್ಫರೆನ್ಸ್ ಫೈನಲ್‌ನಲ್ಲಿ ಸ್ಯಾಮುಯೆಲ್‌ಸನ್ ದೂರದಿಂದ ಹತ್ತು ಬಾರಿ ಎಸೆದು ಹತ್ತೂ ಬುಟ್ಟಿಗೆ ಹಾಕಿದರು. ಬೆನ್ನು ತಿರುಗಿಸಿ ಎಸೆದಿದ್ದರೂ ಬೀಳುತ್ತಿತ್ತೇನೋ.

ಹಾಗಾದರೆ ಸೀನಿಯರ್‌ಗಳು ಹೋದದ್ದರಿಂದ ಏನೂ ಆಗಲಿಲ್ಲವೇ? ಆಯಿತು, ಮಾರ್ಚ್ 31ರ ರಾತ್ರಿ ಡಲ್ಲಾಸ್‌ನಲ್ಲಿ. ಎದುರಾಳಿ ಮಿಸಿಸಿಪಿ ಸ್ಟೇಟ್. ಹಿಂದಿನ ವರ್ಷದ ಟೂರ್ನಿಯಲ್ಲಿ ಯುಕಾನ್ ಇದೇ ತಂಡವನ್ನು 98–38ರಿಂದ, ಅಂದರೆ 60 ಅಂಕಗಳಿಂದ ಚಚ್ಚಿತ್ತು. ಈ ಸಲ ಆಟ ಹೆಚ್ಚುವರಿ ಅವಧಿಗೆ ಹೋಯಿತು. ಐದಡಿ ಐದಂಗುಲದ ಮಾರ್ಗನ್ ವಿಲಿಯಂ ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಎಸೆದ ಚೆಂಡು ಒಳಗೆ ಬಿತ್ತು. 66–64. ಸತತ 111 ಗೆಲುವಿನ ಸರಪಳಿ ತುಂಡಾಯಿತು. ಆ ಕ್ಷಣದಲ್ಲಿ ಕ್ಯಾಮೆರಾ ಆರಿಯೆಮ್ಮಾ ಕಡೆ ತಿರುಗಿದಾಗ ಅವರು ನಕ್ಕರು. ಆ ನಗುವನ್ನು ಜನ ನಾನಾ ರೀತಿ ಅರ್ಥ ಮಾಡಿಕೊಂಡಿದ್ದಾರೆ. ನನಗಂತೂ ಅದು ಇಡೀ ವರ್ಷ ಹೆದರಿಕೊಂಡಿದ್ದ ದಿನ ಕೊನೆಗೂ ಬಂತಲ್ಲ ಎಂಬ ನಗುವಿನಂತೆ ಕಂಡಿತು.

ಆ ತಂಡದ ಮೊದಲ ಐವರು ದೇಶದಲ್ಲೇ ಶ್ರೇಷ್ಠರು. ಬಿರುಕು ಇದ್ದದ್ದು ಅವರ ಹಿಂದೆ. 2016ರ ಬೆಂಚಿನಲ್ಲಿದ್ದ ಗ್ಯಾಬಿ ವಿಲಿಯಮ್ಸ್ ಅಂತಹವರು ಮೇಲೆ ಬಂದಿದ್ದರು, ಅವರು ಬಿಟ್ಟ ಜಾಗ ತೆಳ್ಳಗಾಗಿತ್ತು. ಆರೇಳು ಜನರನ್ನು ನಂಬಿ ಋತುವಿಡೀ ಸಾಗಿದ ತಂಡಕ್ಕೆ ಅಂದು ಕಾಲು ಭಾರವಾಯಿತು. ಇನ್ನೊಂದು ಮಾತು: ನೂರು ಪಂದ್ಯ ಸಲೀಸಾಗಿ ಗೆದ್ದವರಿಗೆ ಒಂದೇ ಬುಟ್ಟಿಯಲ್ಲಿ ಎಲ್ಲ ತೀರ್ಮಾನವಾಗುವ ನಿಮಿಷದಲ್ಲಿ ಚೆಂಡು ಯಾರ ಕೈಯಲ್ಲಿರಬೇಕು ಎಂಬುದು ಗೊತ್ತಿರುವುದಿಲ್ಲ. ಹಿಂದಿನ ನಾಲ್ಕು ವರ್ಷ ಅದು ಸ್ಟೀವರ್ಟ್ ಕೈ. ಯಾರೂ ಕೇಳಬೇಕಾಗಿಯೇ ಇರಲಿಲ್ಲ.

ಈಗ ಅಯೋವಾಗೆ ಬರೋಣ. ಕ್ಲಾರ್ಕ್ 3,951 ಅಂಕಗಳ ದಾಖಲೆ ಬಿಟ್ಟು ಹೋದರು. ಸಾಲದೆಂಬಂತೆ, 24 ವರ್ಷ ತಂಡ ನಡೆಸಿದ್ದ ಲೀಸಾ ಬ್ಲೂಡರ್ 2024ರ ಮೇ ತಿಂಗಳಲ್ಲಿ ನಿವೃತ್ತರಾದರು. ಅವರ ಬಹುಕಾಲದ ಸಹಾಯಕಿ ಜ್ಯಾನ್ ಜೆನ್ಸನ್ ಹೊಣೆ ಹೊತ್ತರು. ಹ್ಯಾನಾ ಸ್ಟೂಲ್ಕಿ, ಸಿಡ್ನಿ ಅಫೋಲ್ಟರ್ ಉಳಿದಿದ್ದರು. ಸ್ಟೂಲ್ಕಿ ಒಂದೇ ಪಂದ್ಯದಲ್ಲಿ 47 ಅಂಕ ಗಳಿಸಬಲ್ಲವರು, ಆದರೆ ಕ್ಲಾರ್ಕ್ ಕಳಿಸುತ್ತಿದ್ದ ಪಾಸ್‌ಗಳನ್ನು ಉಂಡು ಬೆಳೆದವರು. ಹೊರಗಿನಿಂದ ವಿಲನೋವಾದ ಲೂಸಿ ಓಲ್ಸನ್ ಬಂದರು; ದೇಶದ ಅತಿ ಹೆಚ್ಚು ಅಂಕ ಗಳಿಸುವವರ ಸಾಲಿನಲ್ಲಿದ್ದ, ಇನ್ನೊಂದು ಕಾಲೇಜು ಬೆಳೆಸಿದ ಸೀನಿಯರ್. ಜನವರಿಯಲ್ಲಿ ತಂಡ ಸತತ ಐದು ಪಂದ್ಯ ಸೋತಿತು. ಒಂದು ಒಂದೇ ಅಂಕದಿಂದ, ಇನ್ನೊಂದು ಹೆಚ್ಚುವರಿ ಅವಧಿಯಲ್ಲಿ. ಬೆಂಚಿನಿಂದ ನಾಲ್ಕು ಅಂಕ ಹೆಚ್ಚು ಬಂದಿದ್ದರೆ ತಿರುಗುತ್ತಿದ್ದ ಪಂದ್ಯಗಳು ಅವು. ಕ್ಲೀವ್‌ಲ್ಯಾಂಡ್‌ನ ಸೊನ್ನೆಗೆ ಬಡ್ಡಿ ಕಟ್ಟಿದಂತೆ ನನಗೆ ಕಂಡಿತು.

ಆದರೆ ಫೆಬ್ರವರಿ 2ರಂದು ಕ್ಲಾರ್ಕ್ ಅವರ 22ನೆಯ ನಂಬರಿನ ಜೆರ್ಸಿಯನ್ನು ಕ್ರೀಡಾಂಗಣದ ಮೇಲೆ ಏರಿಸುವ ದಿನ, ಅವರು ಕೂತು ನೋಡುತ್ತಿದ್ದಾಗಲೇ ಇದೇ ತಂಡ ನಾಲ್ಕನೆಯ ರ‍್ಯಾಂಕಿನ ಯುಎಸ್‌ಸಿಯನ್ನು (ಸದರ್ನ್ ಕ್ಯಾಲಿಫೋರ್ನಿಯಾ) 76–69ರಿಂದ ಸೋಲಿಸಿತು. ಓಲ್ಸನ್ 28 ಅಂಕ. ಆ ಋತುವಿನಲ್ಲಿ ಒಟ್ಟು 23 ಗೆಲುವು, 11 ಸೋಲು. ರಾಷ್ಟ್ರೀಯ ಟೂರ್ನಿಯ ಎರಡನೆಯ ಸುತ್ತಿನಲ್ಲಿ ಒಕ್ಲಹೋಮಾ ಎದುರು 96–62ರಿಂದ ದೊಡ್ಡ ಸೋಲು. ಎರಡು ವರ್ಷ ಸತತವಾಗಿ ಫೈನಲ್ ಆಡಿದವರಿಗೆ ಇದು ಕುಸಿತ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಷ್ಟು ಖಾಲಿಯಾದ ಮನೆಯಲ್ಲಿ 23 ಗೆಲುವು ತಂದ ಜೆನ್ಸನ್ ಅವರ ಕೆಲಸ, ತುಂಬಿದ ಮನೆಯಲ್ಲಿ 38 ತಂದ ಸ್ಟೇಲಿ ಅವರ ಕೆಲಸಕ್ಕಿಂತ ಬಹಳ ಕಡಿಮೆಯದೇನಲ್ಲ.

ಓಲ್ಸನ್, ಪಾವ್‌ಪಾವ್ ಅವರ ಹೆಸರು ಬಂದ ಮೇಲೆ ನನ್ನ ಲೆಕ್ಕದ ಕಾಲಡಿಯ ಮಣ್ಣು ಸಡಿಲಾಗುತ್ತಿರುವುದನ್ನೂ ಹೇಳಬೇಕಾಗುತ್ತದೆ. 2021ರಿಂದ ಅಮೆರಿಕದ ಕಾಲೇಜು ಆಟಗಾರರು ಒಂದು ವರ್ಷ ಹೊರಗೆ ಕೂರದೆ ಇನ್ನೊಂದು ಕಾಲೇಜಿಗೆ ವರ್ಗವಾಗಬಹುದು. 2024ರಿಂದ ಎಷ್ಟು ಸಲ ಬೇಕಾದರೂ. 2021ರ ಜುಲೈಯಿಂದ ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣವನ್ನೂ ಗಳಿಸಬಹುದು. 2024ರಲ್ಲಿ ಡಬ್ಲ್ಯುಎನ್‌ಬಿಎಯ ಮೊದಲ ಆಯ್ಕೆಯಾದ ಕ್ಲಾರ್ಕ್ ಅವರ ಮೊದಲ ವರ್ಷದ ಸಂಬಳ ಸುಮಾರು 76,500 ಡಾಲರ್ ಆಗಿದ್ದಾಗ, ಹೆಸರಾದ ಹುಡುಗಿಯೊಬ್ಬಳು ಕಾಲೇಜಿನಲ್ಲೇ ಇನ್ನೊಂದು ವರ್ಷ ಉಳಿದರೆ ನಷ್ಟವೇನೂ ಇರಲಿಲ್ಲ. ಯುಕಾನ್ ಆಟಗಾರ್ತಿ ಪೇಜ್ ಬೆಕರ್ಸ್ 2024ರ ಸೀನಿಯರ್ ವಿದಾಯದ ರಾತ್ರಿಯಲ್ಲೇ ತಾನು ಹೋಗುವುದಿಲ್ಲ ಎಂದು ಘೋಷಿಸಿ, ಮುಂದಿನ ವರ್ಷ ಯುಕಾನ್‌ಗೆ ಹನ್ನೆರಡನೆಯ ಪ್ರಶಸ್ತಿ ಗೆದ್ದುಕೊಟ್ಟರು. ಆಡುವ ಹುಡುಗಿಯರಿಗೆ ಇದೆಲ್ಲ ನ್ಯಾಯವೇ. ಕೋಚ್‌ಗಳು ಇಷ್ಟ ಬಂದಾಗ ಕಾಲೇಜು ಬದಲಿಸುತ್ತಿದ್ದ ಕಾಲದಲ್ಲಿ ಆಟಗಾರ್ತಿಯರನ್ನು ಕಟ್ಟಿಹಾಕಿದ್ದು ಅನ್ಯಾಯವೇ ಆಗಿತ್ತು.

ಕಷ್ಟ ಬೆಂಚಿಗೆ. ಬೇರೆ ಕಡೆ ಮೊದಲ ದಿನದಿಂದಲೇ ಆಡಬಹುದಾದಾಗ ಎರಡು ವರ್ಷ ಕಾದು ಕೂರಲು ಯಾರಿಗೆ ಮನಸ್ಸು? ಪ್ಯಾರಿಸ್‌ನಲ್ಲಿ ಬೆರಗು ಹುಟ್ಟಿಸಿದ ಫುಲ್‌ವೈಲಿ ಅವರನ್ನೇ ನೋಡಿ. ಸೌತ್ ಕೆರೊಲಿನಾ ಕಾಲೇಜು ಇರುವ ಕೊಲಂಬಿಯಾ ಊರಿನದೇ ಹುಡುಗಿ, ಊರಿನ ತಂಡ, ಎರಡನೆಯ ವರ್ಷ ಅವರಿಗೂ ಕಾನ್ಫರೆನ್ಸಿನ ಅತ್ಯುತ್ತಮ ಆರನೆಯ ಆಟಗಾರ್ತಿ ಪ್ರಶಸ್ತಿ. ಕಾರ್ಡೋಸೊ ಅವರ ದಾರಿಯೇ ಅದು. ಮುಂದಿನ ವರ್ಷ ಪಾವ್‌ಪಾವ್, ಹಾಲ್ ಹೋಗುವವರಿದ್ದರು, ಜಾಗ ತೆರೆಯುವುದಿತ್ತು. 2025ರ ಏಪ್ರಿಲ್‌ನಲ್ಲಿ ಫುಲ್‌ವೈಲಿ ಅದೇ ಕಾನ್ಫರೆನ್ಸಿನ ಎದುರಾಳಿ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್) ಹೊರಟರು. ಸ್ಟೇಲಿ ಅದಕ್ಕೆ ಅಳುತ್ತಾ ಕೂರಲಿಲ್ಲ, ಆ ವರ್ಷ ದೇಶದಲ್ಲೇ ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದ್ದ ಟನೀಯಾ ಲ್ಯಾಟ್‌ಸನ್ ಅವರನ್ನು ಫ್ಲೋರಿಡಾ ಸ್ಟೇಟ್‌ನಿಂದ ಕರೆತಂದರು. ಹಾಗಾಗಿ ಈಗ ಯಾವುದಾದರೂ ತಂಡದ ಮುಂದಿನ ವರ್ಷದ ಬಗ್ಗೆ ಯಾರಾದರೂ ಕೇಳಿದರೆ, ಹಿಂದಿನ ಮಾರ್ಚ್‌ನ ಅಂಕಪಟ್ಟಿಯ ಕೆಳಸಾಲನ್ನು ನೋಡಿ, ಆಮೇಲೆ ಏಪ್ರಿಲ್ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ಕಾಯುತ್ತೇನೆ.